ಹಸಿರು ಪ್ರಶಸ್ತಿಯ ಕೊಳ

ರೆಸಾರ್ಟಿನ ಕೊಳದಿಂದ ಕಪ್ಪೆಗಳ ಕೂಗು ಕೇಳಿ, ತವರಿಗೆ ಹೊರಟಿದ್ದ ಹೆಣ್ಣುಕಪ್ಪೆಗೆ ಹೋದ ಜೀವ ಬಂದಂತಾಯಿತು. ದೂರಕ್ಕೆ ಮಾತು ತಿಳಿಯಲಿಲ್ಲ, ದನಿ ಮಾತ್ರ ಅಪ್ಪನದೇ. ಕುಪ್ಪಳಿಸಿ ಬಂದು ನೋಡಿದರೆ ಕೂಗು ನಿಂತಿತ್ತು. ದಂಡೆಯ ಕಲ್ಲುಸಂದಿಯಲ್ಲಿ ಸ್ಪೀಕರೊಂದು ಕೂತಿತ್ತು.

"ನಮ್ಮಪ್ಪ ಎಲ್ಲಿ?" ಎಂದಿತು ಕಪ್ಪೆ.

"ನನ್ನಲ್ಲಿರುವುದು ದನಿ ಮಾತ್ರ," ಎಂದಿತು ಸ್ಪೀಕರ್. "ಸೊಳ್ಳೆ ಸಾಯಲೆಂದು ಕೊಳಕ್ಕೆ ಔಷಧಿ ಸುರಿದ ಸಂಜೆ ಅದನ್ನು ನನ್ನಲ್ಲಿ ತುಂಬಿದರು. ಅಷ್ಟು ಜೋರಾಗಿ ಇಲ್ಲಿಯ ಕಪ್ಪೆಗಳು ಎಂದೂ ಕೂಗಿರಲಿಲ್ಲವಂತೆ. ಸುಮ್ಮನಿರು, ಹಸಿರು ಪ್ರಶಸ್ತಿ ಕೊಡುವವರು ಬಂದರು."

ಸ್ಪೀಕರ್ ಮತ್ತೆ ಕೂಗತೊಡಗಿತು. ಬಂದವರು ಕಣ್ಣು ಮುಚ್ಚಿ ಆಲಿಸಿದರು. "ಆಹಾ, ಕೊಳ ಎಂದರೆ ಹೀಗಿರಬೇಕು! ಪ್ರಶಸ್ತಿ ಇದಕ್ಕೇ," ಎಂದು ತಲೆದೂಗಿದರು.

ನೀರಿಗಿಳಿಯಲು ಕಾಲೆತ್ತಿದ್ದ ಕಪ್ಪೆ ಅಲ್ಲೇ ಮರಗಟ್ಟಿತು. ಅಪ್ಪನ ಮಾತು ಈಗ ಸ್ಪಷ್ಟವಾಗಿ ಕೇಳುತ್ತಿತ್ತು: "ನೀರು ಬಿಟ್ಟು ಓಡಿ, ಮಕ್ಕಳೇ, ಓಡಿ!"