ಗುರಶಿದ್ದ ತಂಗಿನ್ನ ಕರ್ಯಾಕ ಹೋದದ್ದು

ನಗೋರು ಆಮ್ಯಾಲೆ ನಗ್ರಿ, ಮೊದಲು ಕಾಶವ್ವನ ಪಾಡು ಕೇಳ್ರಿ. ನೀರಲಕೊಪ್ಪದ ಕಾಶವ್ವಗ ಗಂಡ ಇಲ್ಲ, ಇರಾಂವ ಒಬ್ಬ ಮಗ, ಗುರಶಿದ್ದ. ವಯಸ್ಸು ಬಂದಿತ್ತು, ಮೀಸಿ ಬಂದಿತ್ತು, ಬುದ್ಧಿ ಒಂದು ಬಂದಿರಲಿಲ್ಲ. ಹೇಳಿದ್ದು ಹೇಳಿದಂಗ ಮಾಡಾಂವ. "ಹಾಲು ಉಕ್ಕತೈತೇನು ನೋಡು" ಅಂದ್ರ, ಉಕ್ಕಿ ಹರಿದು ಒಲಿ ಆರೋತನಕ ನೋಡಾಂವ!

ಅವನ ತಂಗಿ ಸಾವಂತ್ರಿ ಹಿರೇಬಾವಿಯಾಗ ಗಂಡನ ಮನ್ಯಾಗಿದ್ದಳು. ಚೊಚ್ಚಲ ಬಸುರಿ, ದಿನ ತುಂಬಾಕ ಬಂದಿತ್ತು. ಅಕಿ ಅತ್ತಿ ಮಾತ್ರ, "ತವರಿನವರು ಬಂದು ಕರದ್ರಷ್ಟ ಕಳಸತೀನಿ" ಅಂತ ಹಟ ಹಿಡದಿದ್ದಳು. ಕಾಶವ್ವ ತಾನ ಹೋಗೂಣಂದ್ರ ಎಮ್ಮಿ ಮಂದಿ ಕೈಗೆ ಹಾಲು ಕೊಡವಲ್ದು. ನಿಂತಲ್ಲಿ ನಿಲ್ಲವಲ್ಲಳು, ಕುಂತಲ್ಲಿ ಕೂಡವಲ್ಲಳು. ಕಡೀಕ ಮಗನ್ನ ಕರದಳು.

"ಗುರಶಿದ್ದಾ, ಹಿರೇಬಾವಿಗೆ ಹೋಗಿ ತಂಗಿನ್ನ ಕರ್ಕೊಂಡು ಬಾ. ಸ್ಟೇಷನ್ನಿಗೆ ಹೋಗು. ಹಿರೇಬಾವಿ ಪ್ಯಾಸೆಂಜರ್ ಬರೋತನಕ ಕುಂತ ಜಾಗಾ ಬಿಟ್ಟು ಏಳಬ್ಯಾಡ!"

"ಏಳಂಗಿಲ್ಲವ್ವಾ!"

ಹೋದ, ಕುಂತ. ಗಾಡಿ ಬರಲಿಲ್ಲ. ಸ್ಟೇಷನ್ ಮಾಸ್ತರ್ ಬಂದು ಹೇಳಿದ್ರು: "ತಮ್ಮಾ, ಮುಂದ ಹಳಿ ರಿಪೇರಿ ನಡದೈತಿ. ಅದು ಮುಗಿಯೋತನಕ ಪ್ಯಾಸೆಂಜರ್ ಇತ್ತ ಬರಂಗಿಲ್ಲ, ಕಲ್ಲಪ್ಯಾಟಿ ಮ್ಯಾಲಿಂದ ಹೋಗತೈತಿ."

"ಹೌದ್ರೇನ್ರಿ?" ಅಂದ, ಮತ್ತ ಕುಂತ. ನೀರು ಕುಡ್ಯಾಕೂ ಏಳಲಿಲ್ಲ. ಹೊತ್ತು ಮುಳಗೋಮುಂದ ಕಾಶವ್ವ ತಾನ ಅವನ್ನ ಹುಡಿಕ್ಕೋತ ಬಂದಳು.

"ಎಲ್ಲ್ಯೋ ನನ್ನ ಮಗಳು?"

"ಗಾಡಿ ಬರಲಿಲ್ಲವ್ವಾ, ನಾ ಏಳಲಿಲ್ಲ!"

"ಅಯ್ಯ ನಿನ್ನ! ಗಾಡಿ ಬರದಿದ್ರ ಉಳಿದ ಮಂದಿ ಎತ್ತ ಹೋಗತಾರ ನೋಡಿ ಅವರ ಬೆನ್ನು ಹತ್ತಬೇಕೋ!"

"ಹತ್ತತೀನವ್ವಾ!"

ಮರುದಿನ ಮತ್ತ ಸ್ಟೇಷನ್ನಿಗೆ ಬಂದ. ಬುಟ್ಟಿ, ಗುದ್ದಲಿ ಹಿಡಕೊಂಡು ಒಂದು ದಂಡು ಮಂದಿ ಹಳಿಗುಂಟ ಹೊಂಟಿತ್ತು. ಗುರಶಿದ್ದ ಬೆನ್ನು ಹತ್ತಿದ. ಅವರು ನಡದ್ರ ನಡದ, ನಿಂತ್ರ ನಿಂತ. ಅವರು ಜಲ್ಲಿಕಲ್ಲು ಹೊರಾಕ ಹತ್ತಿದ್ರು, ಇವನೂ ಹೊತ್ತ. ಕೆಲಸಾ ಮಾಡಸೋ ಮುಕಾದಮ ಖುಷಿಯಾಗಿ, "ಭೇಷ್! ಯಾರಪಾ ನೀ, ಹೊಸಬ?" ಅಂದ.

"ನಾನ್ರಿ? ತಂಗಿನ್ನ ಕರ್ಯಾಕ ಹೊಂಟೀನ್ರಿ!" ಅಂತ ಇನ್ನೊಂದು ಬುಟ್ಟಿ ಹೊತ್ತ.

ಸಂಜೀಕ ಮೈಯೆಲ್ಲಾ ದೂಳು ಮಾಡ್ಕೊಂಡು ಬಂದ ಮಗನ್ನ ನೋಡಿ ಕಾಶವ್ವ ಹಣಿ ಹಣಿ ಬಡಕೊಂಡಳು. "ಅಲ್ಲಿ ಅಕಿ ದಿನಾ ಎಣಸಾಕ ಹತ್ಯಾಳ, ಇಲ್ಲಿ ನೀ ಕಲ್ಲು ಹೊತ್ತಿ? ಬಸ್ಸಿಗೆ ಕಲ್ಲಪ್ಯಾಟಿಗೆ ಹೋಗೋ! ಸ್ಟೇಷನ್ ಮುಂದ ಇಳಿ. ಗಾಡಿ ನಿಂತಿದ್ರ ಬಡಾಬಡಾ ಹತ್ತಿ ಕಿಡಕಿ ಕಡೆ ಕೂಡು. ಯಾರು ಏಳಂದ್ರೂ ಏಳಬ್ಯಾಡ!"

"ಏಳಂಗಿಲ್ಲವ್ವಾ!"

ಕಲ್ಲಪ್ಯಾಟಿ ಸ್ಟೇಷನ್ ಮುಂದ ಇಳದ. ಎದುರಿಗೇ ಒಂದು ಗಾಡಿ ನಿಂತಿತ್ತು, ಮೈತುಂಬಾ ಹೂವಿನ ಮಾಲಿ. ಮದುಮಗನ್ನ ಮೆರವಣಿಗಿ ಮಾಡೋ ಕಾರು! ಬಾಗಲಾ ತಗದ, ಕುಂತ, ಕಿಡಕಿ ಇಳಿಸಿದ.

"ಏ, ಯಾರಲೇ ನೀ? ಏಳು!"

"ಏಳಂಗಿಲ್ಲ!"

"ಮದುಮಗ ಕೂಡೋ ಜಾಗಾ ಅದು!"

"ಅವ ಹಿಂದಿನ ಗಾಡಿಗೆ ಬರಲಿ!"

ವಾಲಗದವರು ವಾಲಗಾ ನಿಲ್ಲಿಸಿದ್ರು, ಬೀಗರು ಅಂಗಿ ತೋಳು ಏರಿಸಿದ್ರು. ಗುರಶಿದ್ದನ ಬೆನ್ನು ಹಪ್ಪಳಾತು. ಹೂವಿನ ಮಾಲಿ ಒಂದು ಕೊರಳಾಗ ಉಳದಿತ್ತು, ಅದನ್ನ ಹಾಕ್ಕೊಂಡ ಮನಿಗೆ ಬಂದ.

ಕಾಶವ್ವಗ ಅಳೂನೂ ಬಂತು, ಸಿಟ್ಟೂ ಬಂತು. "ಹಳಿ ಮ್ಯಾಲಿರೋ ಗಾಡಿ ಹತ್ತಬೇಕೋ! ತಂಗಿನ್ನ ಕರ್ಕೊಂಡು ಬರೋಮುಂದ ಅಕಿ ಕೈ ಬಿಡಬ್ಯಾಡ. ನಮ್ಮೂರ ಹೆಸರಿನ ಬೋರ್ಡು ಕಂಡ ಮ್ಯಾಲೇ ಇಳಿ!" ಅಂದಳು. ಗಾಡಿ ನಮ್ಮೂರಿಗೆ ಬರಂಗಿಲ್ಲ ಅನ್ನೋದು ಸಿಟ್ಟಿನ್ಯಾಗ ಅಕಿಗೂ ಮರತಿತ್ತು.

ಈ ಸಲ ಹಳಿ ಮ್ಯಾಲಿನ ಗಾಡೀನ ಹತ್ತಿದ. ಹಿರೇಬಾವಿ ಮುಟ್ಟಿದ. ತಂಗಿ ಕೈ ಹಿಡದ, ತಿರಗಿ ಗಾಡಿ ಹತ್ತಿಸಿದ. ಕಲ್ಲಪ್ಯಾಟಿ ಬರೋದ್ರಾಗ ಸಾವಂತ್ರಿಗೆ ಬ್ಯಾನಿ ಸುರುವಾತು.

"ಅಣ್ಣಾ, ಇಲ್ಲೇ ಇಳಿಯೂಣೋ! ನೋವು!"

"ಇದು ನಮ್ಮೂರ ಬೋರ್ಡಲ್ಲ!"

"ಅಣ್ಣಾ, ಕೈ ಬಿಡೋ!"

"ಬಿಡಂಗಿಲ್ಲ!"

ಗಾಡಿ ಬಿಟ್ಟೇಬಿಡ್ತು. ಅದ ಡಬ್ಬ್ಯಾಗ ಬದನಿಕಾಯಿ ಬುಟ್ಟಿ ಇಟಗೊಂಡು ಕುಂತಿದ್ದ ಹುಸೇನಬಿ ಅನ್ನಾಕಿ ಸಟ್ಟನ ಎದ್ದಳು. "ಗಂಡಸರು ಆಚಿಗೆ ನಡೀರಿ! ಸೀರಿ ಅಡ್ಡ ಹಿಡೀರಿ! ಏ, ನೀನೂ ನಡೀಯೋ!"

"ಕೈ ಬಿಡಬ್ಯಾಡ ಅಂದಾಳ್ರಿ ಅವ್ವ!"

"ಹಂಗಾರ ಮಾರಿ ಆ ಕಡೆ ಮಾಡ್ಕೊಂಡು ನಿಂದ್ರು!"

ನಿಂತ. ಸೀರಿ ಪರದೆ ಹೊರಗ ಅವನ ಮೈ, ಒಳಗ ಅವನ ಕೈ. ಸಾವಂತ್ರಿ ಹಿಂಡಿದ್ದಕ್ಕ ಅವನ ಐದೂ ಬಳ್ಳು ನೀಲಿಗಟ್ಟಿದ್ವು. ಕಣ್ಣಾಗ ನೀರು ಸುರೀತು, ಬಿಡಲಿಲ್ಲ. ಓಡೋ ಗಾಡ್ಯಾಗ ಕೂಸು ಕಿಟಾರನ ಚೀರಿತು. ಹೆಣ್ಣು ಕೂಸು! ಇಡೀ ಡಬ್ಬಿ ಚಪ್ಪಾಳಿ ಹೊಡೀತು.

ಕಡೀ ಸ್ಟೇಷನ್ನಿನ ಊರಾಗ ತಾಯಿ-ಕೂಸು ಇಬ್ಬರನ್ನೂ ಹುಸೇನಬಿ ದವಾಖಾನಿಗೆ ಸೇರಿಸಿದಳು. "ಅಣ್ಣಾ, ಇನ್ನ ಕೈ ಬಿಡು. ಹೋಗಿ ಅವ್ವನ್ನ ಕರ್ಕೊಂಡು ಬಾ" ಅಂದಳು ಸಾವಂತ್ರಿ. ಆವಾಗ ಬಿಟ್ಟ.

"ಯವ್ವಾ, ಸಾವಂತ್ರಿ ಗಾಡ್ಯಾಗ ಹಡದಳು!" ಅಂತ ಮನಿ ಅಂಗಳದಾಗ ನಿಂತು ಒದರಿದ. ಕಾಶವ್ವ ನಕ್ಕಳು, ಅತ್ತಳು, ಎಮ್ಮಿ ಏನರ ಮಾಡ್ಕೋಲಿ ಅಂತ ಮಗನ ಕೂಡ ಹೊಂಟಳು. ಹಾದಿಯುದ್ದಕ್ಕೂ ಬೈದಳು.

"ನೋವು ಅಂದ ಕೂಡಲೇ ಸರಪಳಿ ಜಗ್ಗಬೇಕೋ! ಗಾಡಿ ನಿಲ್ಲತೈತಿ! ಎತ್ಕೊಂಡು ಇಳಿದು ಸೀದಾ ಮನಿಗೆ ತರಬೇಕು. ತಲಿಗೆ ಬೆಚ್ಚಗ ಅರಿವಿ ಕಟ್ಟಿ, ಹೊರಸಿನ ಮ್ಯಾಲೆ ಮಲಗಿಸಿ, ಕೆಳಗ ಕೆಂಡ ಇಟ್ಟು, ಬಾಣಂತ್ಯಾರ ಅಂಟಿನುಂಡಿ ತಿನ್ನಿಸಬೇಕು!"

"ಹಂಗ ಮಾಡತೀನವ್ವಾ!"

ದವಾಖಾನ್ಯಾಗ ಸಾವಂತ್ರಿ ಅಂದಳು: "ಬೈಬ್ಯಾಡವ್ವಾ. ಅಣ್ಣನ ಕೈ ಹಿಡಕೊಂಡಿದ್ನಲ್ಲ, ಅದಕ್ಕ ಜೀವ ತಡಕೊಂಡೆ." ಕಾಶವ್ವ ಮಗನ ನೀಲಿ ಬಳ್ಳು ತನ್ನ ಮಡಲಾಗ ಇಟಗೊಂಡು ಸವರಿದಳು.

ತಾಯಿ ಕೂಸನ್ನ ಮನಿಗೆ ಕಳಸೋ ಹೊತ್ತಿಗೆ ರಿಪೇರಿ ಮುಗದು, ಪ್ಯಾಸೆಂಜರ್ ಮತ್ತ ನೀರಲಕೊಪ್ಪದ ಮ್ಯಾಲೇ ಓಡಾಕ ಹತ್ತಿತ್ತು. ಎಲ್ಲಾರೂ ಅದರಾಗ ಕುಂತು ಹೊಂಟ್ರು. ಊರು ಇನ್ನೇನು ಬಂತು, ಟಿಕೆಟ್ ನೋಡೋ ಟಿ.ಸಿ. ಸಾಹೇಬ ಬಂದ. ಕರಿ ಕೋಟು, ದೊಡ್ಡ ಹೊಟ್ಟಿ. ಬಿದ್ದ ಪೆನ್ನು ಎತ್ತಾಕ ಬಗ್ಗಿ, "ಅಯ್ಯಪ್ಪಾ! ನೋವು!" ಅಂತ ಸೊಂಟ ಹಿಡಕೊಂಡ.

ಗುರಶಿದ್ದ ಚಂಗನ ಹಾರಿದ, ಸರಪಳಿ ಜಗ್ಗಿದ. ಗಾಡಿ ಕಿರ್ರನ ನಿಂತಿತು. ಸಾಹೇಬನ್ನ ಹೆಗಲಿಗೆ ಒಗಕೊಂಡ, ಇಳದ, ಹೊಲದಾಗ ಹಾದು ಓಡಿದ! "ಏ, ಬಿಡೋ! ಇಳಿಸೋ!" ಅಂತ ಸಾಹೇಬ ಕಾಲು ಬಡದ್ರೂ ಬಿಡಲಿಲ್ಲ. ಗಾರ್ಡ್ ಬಂದು ವಿಚಾರಿಸಿ, ಹಣಿ ಗಟ್ಟಿಸಿಕೊಂಡು, ಮತ್ತ ಗಾಡಿ ಬಿಡೋದ್ರಾಗ ಅಂವ ಊರು ಮುಟ್ಟಿದ್ದ.

ಕಾಶವ್ವ ಮಗಳನ್ನ, ಮೊಮ್ಮಗಳನ್ನ ಕರ್ಕೊಂಡು ಮನಿಗೆ ಬಂದು ಬಾಗಲಾ ನೂಕಿದಳು. ಒಳಗ ಹೊರಸಿನ ಮ್ಯಾಲೆ ಟಿ.ಸಿ. ಸಾಹೇಬ! ತಲಿಗೆ ಬಿಗಿಯಾಗಿ ಅರಿವಿ, ಕೆಳಗ ಕೆಂಡ, ಬಾಯಿತುಂಬಾ ಅಂಟಿನುಂಡಿ, ಕಣ್ಣು ಪಿಳಿಪಿಳಿ. ಗುರಶಿದ್ದ ಬೆವರು ಒರಸಿಕೊಂಡು ತುಟಿ ಮ್ಯಾಲೆ ಬಳ್ಳಿಟ್ಟ.

"ಮೆಲ್ಲಕ ಬಾರವ್ವಾ! ಆವಾಗಿಂದ ಕೈ ಹಿಡಕೊಂಡು ಕುಂತೀನಿ, ಇವರಿಗಿನ್ನೂ ಹೆರಿಗಿ ಆಗವಲ್ದು!"