ನಾಲ್ಕನೆಯ ಕಂಬದ ಗಾಜು

“ಅಜ್ಜಾರ, ನೀವು ಹಿಂಗ ಗಟ್ಟಿಮುಟ್ಟಾಗಿ ಕುಂತಿರುವಾಗನ, ನಿಮ್ಮ ನಂತರ ಮಠಕ್ಕ ಯಾರು ಅಂತ ಮಂದಿ ಕೇಳ್ತಾರ. ಹಂಗ ಕೇಳೂದು ಅಪಚಾರ ಅಲ್ಲೇನ್ರಿ?”

ಹೀಗೆ ಕೇಳಿದವನು ಮುರಿಗೆಯ್ಯ, ಹದಿನಾರು ವರ್ಷದಿಂದ ಗುರುಗಳ ಬೆನ್ನ ಹಿಂದೆಯೇ ಇದ್ದ ಶಿಷ್ಯ. ಗುರುಗಳಿಗೆ ಎಂಬತ್ತೆರಡು. ಅವರು ಅವನನ್ನು ಕೂರಿಸಿ, ಸಿಟ್ಟು ಇಳಿಯಲಿ ಎಂದು ಒಂದು ಲೋಟ ಮಜ್ಜಿಗೆ ಕುಡಿಸಿ, ಈ ಕತೆ ಹೇಳಿದರು.

ಹೆದ್ದಾರಿಯಲ್ಲಿ, ಒಂದು ಹೊಳೆಗೆ, ಒಂದು ಹಳೆಯ ಸೇತುವೆಯಿತ್ತು. ಅದಕ್ಕೊಬ್ಬ ಕಾವಲುಗಾರನಿದ್ದ. ನಾಲ್ಕನೆಯ ಕಂಬದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಾಗ ಇಲಾಖೆಯವರು ಬಂದು, ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಸಿಮೆಂಟು ಹಾಕಿ ಕೂರಿಸಿದರು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಪ್ರತಿ ಸೋಮವಾರ ಅದನ್ನು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಕಾವಲುಗಾರನ ಕೆಲಸ.

ಅವನಿಗೆ ಆ ಸೇತುವೆಯೆಂದರೆ ಪ್ರಾಣ. ಯಾರಾದರೂ ಅದನ್ನು ಹಳೆಯದು ಎಂದರೆ ಅವರೊಂದಿಗೆ ಮಾತು ಬಿಡುತ್ತಿದ್ದ. ಎರಡು ವರ್ಷದ ಮೇಲೆ ಒಂದು ಸೋಮವಾರ ಗಾಜು ಒಡೆದಿತ್ತು. ಬರೆದರೆ ಸೇತುವೆಗೆ ಕೆಟ್ಟ ಹೆಸರು, ನನ್ನ ಕಾಲದಲ್ಲೇ ಅದು ಮುದಿಯಾಯಿತು ಎಂದಾಗುತ್ತದೆ, ಅನ್ನಿಸಿತು. ಪೇಟೆಗೆ ಹೋಗಿ, ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಅಷ್ಟೇ ಉದ್ದದ ಗಾಜು ಕೊಯ್ಯಿಸಿ ತಂದು ಕೂರಿಸಿದ. ಆಮೇಲೆ ರಿಜಿಸ್ಟರು ತೆರೆದು ‘ಗಾಜು ಸರಿಯಿದೆ’ ಎಂದು ಬರೆದ. ಬರೆಯುವ ಹೊತ್ತಿಗೆ ಗಾಜು ಸರಿಯಾಗಿಯೇ ಇತ್ತಲ್ಲ! ಒಡೆದ ಚೂರುಗಳನ್ನು ಬಿಸಾಡಿದರೆ ಯಾರ ಕಾಲಿಗಾದರೂ ಚುಚ್ಚೀತೆಂದು, ಬರೆದಿಡುವ ರೂಢಿಯವನಾದ್ದರಿಂದ ತಾರೀಖಿನ ಚೀಟಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟ. ಗಾಜು ಒಡೆದಾಗಲೆಲ್ಲ ಇದೇ ಕೆಲಸ. ಹೀಗೆ ಒಂಬತ್ತು ವರ್ಷ ನಡೆಯಿತು.

ಒಂಬತ್ತನೆಯ ವರ್ಷ, ಹೊಸ ಸೇತುವೆಯ ಯೋಜನೆ ಮಾಡಲು ಒಬ್ಬ ಎಂಜಿನಿಯರ್ ಬಂದ. ಅಳೆಯುವುದನ್ನೆಲ್ಲ ಅಳೆದು, ರಿಜಿಸ್ಟರು ತಿರುವಿ ನೋಡಿದ. ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಮಾತು. ಅವನಿಗೆ ನೆಮ್ಮದಿಯಾಯಿತು. ಹೊಸದು ಏಳಲು ಮೂರು ವರ್ಷ ಬೇಕು, ಅಲ್ಲಿಯವರೆಗೆ ಬಸ್ಸು ಲಾರಿ ಎಲ್ಲವೂ ಹಳೆಯದರ ಮೇಲೆಯೇ ಓಡಲಿ ಎಂದು ತೀರ್ಮಾನಿಸಿದ.

ಕಾವಲುಗಾರ ಕುಣಿದಾಡಬೇಕಿತ್ತು. ತನ್ನ ಸೇತುವೆಗೆ ಇನ್ನೂ ಮೂರು ವರ್ಷ! ಆದರೆ ಅವನು ಬೆರಳು ಮಡಚಿ ಒಡೆದ ಗಾಜುಗಳ ಲೆಕ್ಕ ಹಾಕಿದ. ಮೊದಲನೆಯ ಗಾಜು ಎರಡು ವರ್ಷ ಬಾಳಿತ್ತು. ಹನ್ನೊಂದನೆಯದು ಬಾಳಿದ್ದು ನಲವತ್ತು ದಿನ. ಈ ವಿಷಯ ಭೂಮಿಯ ಮೇಲೆ ಅವನೊಬ್ಬನಿಗೇ ಗೊತ್ತು. ಊಟಕ್ಕೆ ಕೂತವನು ರೊಟ್ಟಿ ಮುರಿಯದೆ ಎದ್ದ.

ಮಧ್ಯಾಹ್ನ ಹೋಗಿ ಕಂಬದ ಕೆಳಗೆ ನಿಂತು ತಲೆಯೆತ್ತಿದ. ಮುಂದೆ ಕಬ್ಬಿನ ಲಾರಿಗಳು ಸಾಲುಗಟ್ಟಿದ್ದರಿಂದ ಮದುವೆ ದಿಬ್ಬಣದ ಒಂದು ಬಸ್ಸು ನಾಲ್ಕನೆಯ ಕಂಬದ ಮೇಲೆಯೇ ಬಂದು ನಿಂತಿತ್ತು. ಒಳಗೆ ಹೆಂಗಸರು ಹಾಡುತ್ತಿದ್ದರು. ಬಸ್ಸು ದಾಟುವವರೆಗೆ ಅವನು ಅಲ್ಲಿಂದ ಕದಲಲಿಲ್ಲ. ಆಮೇಲೆ ಮನೆಗೆ ಓಡಿದ. ಡಬ್ಬಿ ತಂದು ಎಂಜಿನಿಯರನ ಮೇಜಿನ ಮೇಲೆ ಸುರಿದ.

“ಸಾಹೇಬ್ರ, ನಾ ಬರದದ್ದು ಸುಳ್ಳಲ್ಲರಿ. ಖರೇನೂ ಅಲ್ಲರಿ. ನನ್ನ ನೌಕರಿ ಹೋದ್ರ ಹೋಗ್ಲಿ, ಇದನ್ನ ನೋಡ್ರಿ.”

ಎಂಜಿನಿಯರ್ ಒಂದೊಂದೇ ಚೀಟಿ ಬಿಚ್ಚಿ ಓದಿದ. ಬೈಯಲು ಬಾಯಿ ತೆರೆದವನು, ಎದುರಿಗೆ ನಿಂತವನಿಗೆ ಕುರ್ಚಿ ಎಳೆದು ಕೊಟ್ಟ.

“ಯಜಮಾನ್ರ, ಒಡೀಲಿ ಅಂತನ ಅದನ್ನ ಅಲ್ಲಿ ಕೂಡಿಸಿದ್ದು” ಎಂದ ಕೊನೆಗೆ. “ಇನ್ನ ಮ್ಯಾಲೆ ಒಡದ್ರ ಮುಟ್ಟಬ್ಯಾಡ್ರಿ. ಓಡಿ ಬಂದು ಹೇಳ್ರಿ.”

ಚೀಟಿಗಳ ತಾರೀಖು ಜೋಡಿಸಿದಾಗ ಬಿರುಕು ಎಷ್ಟು ಬೇಗ ಬೆಳೆಯುತ್ತಿದೆ ಎಂಬುದು ತಿಳಿಯಿತು. ರಿಜಿಸ್ಟರು ಮುಚ್ಚಿಟ್ಟದ್ದನ್ನು ಡಬ್ಬಿ ಹೇಳಿತು. ಸಂಜೆಯೊಳಗೆ ಸೇತುವೆ ಮುಚ್ಚಿ, ವಾಹನಗಳನ್ನೆಲ್ಲ ಬಳಸುದಾರಿಗೆ ತಿರುಗಿಸಿದರು. ಮೂರನೆಯ ದಿನ ಹನ್ನೆರಡನೆಯ ಗಾಜೂ ಒಡೆಯಿತು. ಕಾವಲುಗಾರ ಓಡಿ ಬಂದು ಹೇಳಿದ. ಹೇಳಿದ ಮೇಲೆ ‘ಗಾಜು ಒಡೆದಿದೆ’ ಎಂದು ರಿಜಿಸ್ಟರಿನ ಇಡೀ ಪುಟ ತುಂಬುವಷ್ಟು ದೊಡ್ಡದಾಗಿ ಬರೆದ. ಅವತ್ತು ಮನೆಯಲ್ಲಿ ನಾಲ್ಕು ರೊಟ್ಟಿ ಉಂಡು, ಇನ್ನೊಂದು ಹಾಕು ಎಂದ. ಒಂಬತ್ತು ವರ್ಷದಲ್ಲಿ ಅವನಿಗೆ ಅಂಥ ಹಸಿವು ಆಗಿರಲಿಲ್ಲ.

ಕಂಬಕ್ಕೆ ಉಕ್ಕಿನ ಆಸರೆ ಕೊಟ್ಟ ಮೇಲೆ ಬಸ್ಸುಗಳನ್ನು ಮಾತ್ರ ಒಂದೊಂದಾಗಿ ಬಿಟ್ಟರು. ಎಂಜಿನಿಯರ್ ತನ್ನ ಯೋಜನೆಯನ್ನು ಹರಿದು ಹೊಸದಾಗಿ ಬರೆದ. ಮೂರು ವರ್ಷದ ಕೆಲಸ ಒಂದೂವರೆ ವರ್ಷದಲ್ಲಿ ಮುಗಿಯಿತು. ಹೊಸ ಸೇತುವೆಯ ಮೇಲೆ ಬಸ್ಸುಗಳು ಓಡತೊಡಗಿದ ಮೇಲೆ, ಒಂದು ನರಪಿಳ್ಳೆಯೂ ಮೇಲಿಲ್ಲದಾಗ, ಹಳೆಯದನ್ನು ನಿಧಾನವಾಗಿ ಬಿಚ್ಚಿ ಇಳಿಸಿದರು. ಯಾರಿಗೂ ಒಂದು ಗೀರು ಗಾಯವೂ ಆಗಲಿಲ್ಲ. ದಡದಲ್ಲಿ ನಿಂತ ಕಾವಲುಗಾರ ಅತ್ತ, ಅತ್ತು ಹಗುರಾದ.

ಕತೆ ಕೇಳಿ ಮುರಿಗೆಯ್ಯ ನಿಟ್ಟುಸಿರು ಬಿಟ್ಟ. “ಸದ್ಯ, ಯಾರಿಗೂ ಏನೂ ಆಗ್ಲಿಲ್ಲ. ಆದ್ರ ಆ ಕಾವಲುಗಾರ ಎಂಥಾ ದಡ್ಡ ಇದ್ದಾನ್ರಿ ಅಜ್ಜಾರ!” ಎಂದು ನಕ್ಕ.

ಗುರುಗಳೂ ನಕ್ಕರು. ಬಹಳ ದಿನದಿಂದ ಹೇಳಬೇಕೆಂದಿದ್ದ ಮಾತಿಗೆ ಇಂದು ದಾರಿ ಸಿಕ್ಕಿತ್ತು.

“ಮುರಿಗೆಯ್ಯಾ, ನಿನ್ನಿ ಪ್ರವಚನದಾಗ ನಾ ಮರತ ಮಾತನ್ನ ಮಂದಿಗೆ ಗೊತ್ತಾಗದಂಗ ಹಿಂದಿನಿಂದ ಮೆಲ್ಲಕ ಹೇಳಿಕೊಟ್ಟೆಲ್ಲ, ಅದು ಎಷ್ಟನೇ ಗಾಜೋ?”