ಅವ್ವನ ಎದಿ, ಮಡಿವಾಳಿಯ ಗುಳಿಗಿ

ಕಾಶವ್ವಗ ಇದ್ದಾವ ಒಬ್ಬನಽ ಮಗ, ಮಡಿವಾಳಿ. ಮೀಸಿ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದು ಹೇಳಿದಂಗ ಮಾಡಾವ, ಅದಽ ತ್ರಾಸು ನೋಡ್ರಿ. ಆದ್ರ ಅವ್ವ ಅಂದ್ರ ಜೀವ. ಆಕಿ ಎದಿಬ್ಯಾನಿ ಹೋಗಲಿ ಅಂತ ಆಕಿ ಸಲುವಾಗಿ ಸೋಮವಾರ ತಾನಽ ಉಪವಾಸ ಇರ್ತಿದ್ದ.

ಎದಿ ಆಪರೇಶನ್ನಿಗೆ ಹೈದರಾಬಾದಿಗೆ ಹೋಗೂದು ಬಂತು. ಡಾಕ್ಟರು ಅಂದ್ರು, "ವಿಮಾನದಾಗ ಹೋಗ್ರಿ, ಹೆದರಬ್ಯಾಡ್ರಿ. ಗುಳಿಗಿ ಮಾತ್ರ ದೊಡ್ಡ ಚೀಲಕ್ಕ ಹಾಕಬ್ಯಾಡ್ರಿ, ಕೈಯಾಗಽ ಇರಲಿ."

ಹೆದರಬ್ಯಾಡ ಅಂದ್ರ ಹೆದರಿಕಿ ಹೋಗ್ತದೇನು? ನಾ ಮ್ಯಾಲಽ ಸತ್ತರ ಈ ಪೆದ್ದನ್ನ ಕೆಳಗ ಯಾರು ಇಳಸ್ತಾರ ಅಂತ ಕಾಶವ್ವಗ ನಿದ್ದಿ ಇಲ್ಲ.

ಮಡಿವಾಳಿ ಗುಳಿಗಿ ಎಲ್ಲಾ ಮುಷ್ಟಿಯಾಗ ಹಿಡಕೊಂಡು ಬಸ್ಸು ಹತ್ತಿದ. ಹುಬ್ಬಳ್ಳಿ ಮುಟ್ಟೂದ್ರಾಗ ಬೆವರಿಗೆ ಕರಗಿ ಅಂಬಲಿ ಆಗಿದ್ವು.

"ಕಿಸೆದಾಗ ಇಟ್ಕೋಬೇಕೋ ಖೋಡಿ. ಯಾರ ಕೈಗೂ ಕೊಡಬಾರದು," ಅಂತ ಬೈದು ಕಾಶವ್ವ ಹೊಸಾ ಗುಳಿಗಿ ಡಬ್ಬಿ ತಗೊಂಡು ಅವನ ಕಿಸೆದಾಗ ಹಾಕಿದ್ಲು.

ವಿಮಾನ ನಿಲ್ದಾಣದಾಗ ಪೊಲೀಸಪ್ಪ, "ಕಿಸೆದಾಗಿಂದು ತೆಗಿ," ಅಂದ.

"ಯಾರ ಕೈಗೂ ಕೊಡೂದಿಲ್ರಿ."

ಬಂದೂಕಿನವರು ಬಂದು ಸುತ್ತಗಟ್ಟಿದ್ರು. ಕಾಶವ್ವನ ಎದಿ ಡವಡವ. ಕೈಮುಗಿದು ಬಿಡಿಸಿಕೊಂಡು ಬರೂದ್ರಾಗ ಸಾಕುಸಾಕಾತು.

"ಮಂದಿ ಕೂಡ ವಾದ ಹಾಕಬ್ಯಾಡೋ ನನ್ನಪ್ಪ, ಬಾಯಿ ಮುಚ್ಚಿಕೊಂಡು ಕುಂದ್ರು. ಎದಿ ಹಿಡೀತು ಅಂದ್ರ ನಾಲಿಗಿ ಕೆಳಗ ಒಂದು ಗುಳಿಗಿ ಇಡು, ಅಷ್ಟಽ."

ವಿಮಾನ ಮ್ಯಾಲೇರಿತು. ಮೋಡದಾಗ ಒಮ್ಮೆ ದಡಕ್ಕನ ಕೆಳಗ ಜಾರಿತು. ಕಾಶವ್ವಗ ಎದಿ ಮ್ಯಾಲ ಬೀಸೂಕಲ್ಲು ಇಟ್ಟಂಗಾತು. ಉಸಿರಽ ಬರವಲ್ದು.

"ಎದಿ ಹಿಡೀತಪಾ... ಗುಳಿಗಿ..."

ಮಡಿವಾಳಿ ಗಡಬಡಿಸಿ ಡಬ್ಬಿ ಬಿಚ್ಚಿದ. ಒಂದು ಗುಳಿಗಿ ತೆಗೆದ. ತನ್ನ ನಾಲಿಗಿ ಕೆಳಗ ಇಟ್ಕೊಂಡ. ಬಾಯಿ ಮುಚ್ಚಿಕೊಂಡು ಅವ್ವನ ಮಾರಿ ನೋಡಕೋತ ಕುಂತ.

ಆಕಿ ಕಣ್ಣು ಮ್ಯಾಲ ಮಾಡಿದ್ಲು. ಪುಣ್ಯಾಕ್ಕ ಬಾಜೂ ಸೀಟಿನ ಹೆಣ್ಮಗಳು ಡಬ್ಬಿ ಕಸಗೊಂಡು ಒಂದು ಗುಳಿಗಿ ಆಕಿ ನಾಲಿಗಿ ಕೆಳಗ ಇಟ್ಲು. ಸಾವಕಾಶ ಉಸಿರು ತಿರುಗಿ ಬಂತು.

"ನೀ ಯಾಕ ಬಾಯಿಗೆ ಹಾಕ್ಕೊಂಡ್ಯೋ ಮೂಳಾ?"

"ಸೋಮವಾರ ನಿನ್ನ ಸಲುವಾಗಿ ನಾ ಉಪವಾಸ ಇರೂದಿಲ್ಲೇನವ್ವ? ಹಂಗಽ," ಅಂದ. ಅನ್ನೂದ್ರಾಗ ಗುಳಿಗಿ ಜೋರಿಗೆ ತಲಿ ತಿರುಗಿ ಆಕಿ ತೊಡಿ ಮ್ಯಾಲ ಬಿದ್ದ.

ಇಳಿದ ಮ್ಯಾಲ ಕಾಶವ್ವಗ ಅಂತ ಬಂದ ಗಾಲಿಕುರ್ಚಿಯಾಗ ಮಗನ್ನ ಕುಂದ್ರಿಸಿ ತಳ್ಳಿದ್ರು. ಆಕಿ ಅವನ ಹೆಗಲ ಮ್ಯಾಲ ಕೈ ಇಟ್ಟು ನಡದ್ಲು. "ನನ್ನ ಪಾಲಿನ ಗುಳಿಗಿ ನೀ ನುಂಗಬ್ಯಾಡೋ, ಸುಮ್ಮನ ನನ್ನ ಮುಂದ ಇರು," ಅಂದ್ಲು.

ಮರುದಿನ ದವಾಖಾನ್ಯಾಗ ಆಪರೇಶನ್ನಿಗೆ ಕಾಶವ್ವನ ಹೆಸರು ಕರದ್ರು. ಆಕಿ ಗೋಡಿ ಹಿಡಿದು, ದೇವರ ಹೆಸರು ಹೇಳಿಕೋತ ಒಳಗ ಹೋಗೂದ್ರಾಗ ಮಡಿವಾಳಿ ಆಕಿಕಿಂತ ಮುಂದ ಇದ್ದ. ಅಂಗಿ ಬಿಚ್ಚಿ, ಮಂಚ ಹತ್ತಿ, ಕಣ್ಣು ಮುಚ್ಚಿ ಮಲಗಿಬಿಟ್ಟಿದ್ದ.

"ಅವ್ವಗ ಅಂಜಿಕಿ ಆಗ್ಯದರಿ," ಅಂದ. "ಆಕಿ ಸಲುವಾಗಿ ನನ್ನಽ ಕೊಯ್ರಿ."